ತಬಲಾಕ್ಕ ಯಾರು?

ನಮ್ಮ ಜೇವರ್ಗಿ ಕಡೆ ಹಾಡುವ ಹೆಂಗಸರಿಗೆ ಬರ ಬಂದದ್ದನ್ನು ನಾನಂತೂ ಕಂಡಿಲ್ಲ. ಮಳೆಗೆ ಬಂದಿದೆ, ಕುಡಿಯುವ ನೀರಿಗೆ ಬಂದಿದೆ, ತೊಗರಿಯ ರೇಟಿಗೆ ಬರುತ್ತಲೇ ಇರುತ್ತದೆ. ಹಾಡಿಗೆ ಮಾತ್ರ ಬಂದಿಲ್ಲ. ಮದುವೆ ಮನೆಯಲ್ಲಿ ಅರಿಶಿನ ಹಚ್ಚುವಾಗ ಒಬ್ಬಾಕೆ ಸೊಲ್ಲೆತ್ತಿದರೆ ಸಾಕು, ಒಳಗೆ ಒಲೆ ಮುಂದೆ ಕುಂತವಳೂ ಅಲ್ಲಿಂದಲೇ ದನಿಗೂಡಿಸುತ್ತಾಳೆ. ಕುಬಸಕ್ಕೆ ಒಂದು ಹಾಡು, ತೊಟ್ಟಿಲಿಗೆ ಒಂದು ಹಾಡು. ಎಳ್ಳಮಾಸಿ ದಿನ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ-ಕಡುಬು ಉಂಡು, ಗಿಡದ ನೆರಳಿಗೆ ಕಾಲು ಚಾಚಿದರೆ ಕರೆಯದೇ ಬರುವ ಹಾಡು ಬೇರೆ.

ಹೀಗಿರುವಾಗ ‘ಹೆಣ್ಣುಮಕ್ಕಳು ಅವರಷ್ಟಕ್ಕೆ ಅವರೇ ಮೇಳ ಕಟ್ತಾರಂತ’ ಎಂಬ ಸುದ್ದಿ ನೆಲೋಗಿ ಕ್ರಾಸಿನ ಚಹಾದ ಅಂಗಡಿಗೆ ಬಂದು ಬಿದ್ದರೆ, ಯಾರು ಹಾಡುತ್ತಾರೆ ಎಂದು ಒಬ್ಬರೂ ಕೇಳುವುದಿಲ್ಲ. ಕೇಳುವ ಪ್ರಶ್ನೆ ಒಂದೇ: “ತಬಲಾಕ್ಕ ಯಾರು?”

ಪ್ರಶ್ನೆ ಸಣ್ಣದಲ್ಲ. ನೆಲೋಗಿ ಎಂದರೆ ಹೊರಗಿನವರಿಗೆ ಧರ್ಮಸಿಂಗ್ ಅವರ ಊರು. 2004ರಲ್ಲಿ ಮುಖ್ಯಮಂತ್ರಿಯಾಗಿ ಸಮ್ಮಿಶ್ರ ಸರಕಾರ ನಡೆಸಿದವರು ಅವರು. ಆ ಊರಿನ ಕಟ್ಟೆಗೆ ಖಾತೆ ಹಂಚಿಕೆಯ ಗುಟ್ಟನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಂತ್ರಿಗಳು ಎಷ್ಟು ಮಂದಿಯಾದರೂ ಇರಲಿ, ಹಣಕಾಸು ಯಾರ ಕೈಯಲ್ಲಿ, ಗೃಹ ಯಾರ ಕೈಯಲ್ಲಿ ಎಂಬುದು ಮುಖ್ಯ. ಭಜನಾ ಮೇಳದಲ್ಲಿ ಆ ಎರಡು ಖಾತೆಗಳೆಂದರೆ ಪೇಟಿ (ಹಾರ್ಮೋನಿಯಂ) ಮತ್ತು ತಬಲಾ. ಉಳಿದವರ ಕೈಗೆ ತಾಳ. ಹೆಂಗಸರ ಭಜನಾ ಸಂಘ ಎಂದು ಬ್ಯಾನರ್ ಕಟ್ಟಿದ ಕಡೆಯಲ್ಲೂ ಕಣ್ಣು ಕಿರಿದು ಮಾಡಿ ನೋಡಿ. ಒಂದೇ ಬಣ್ಣದ ಸೀರೆ ಉಟ್ಟ ಹನ್ನೆರಡು ಮಂದಿಯ ನಡುವೆ ಬಿಳಿ ಅಂಗಿಯ ಇಬ್ಬರು ಗಂಡಸರು ಕುಂತಿರುತ್ತಾರೆ. ಸಂಘ ಹೆಂಗಸರದು, ಆಡಳಿತ ಆ ಇಬ್ಬರದು.

ಆಡಳಿತ ಎಂದದ್ದು ಚೇಷ್ಟೆಗಲ್ಲ. ಪೇಟಿಯವನು ಯಾವ ಮನೆ ಒತ್ತುತ್ತಾನೋ ಅಲ್ಲಿಂದ ಹಾಡು ಏಳಬೇಕು. ಗಂಡಸರು ಸಾಮಾನ್ಯವಾಗಿ ಕಾಳಿ ಒಂದು, ಕಾಳಿ ಎರಡರ, ಅಂದರೆ ಪೇಟಿಯ ಮೊದಲೆರಡು ಕರಿ ಮನೆಗಳ, ಆಸುಪಾಸಿನಲ್ಲಿ ಹಾಡುವವರು. ಹೆಂಗಸರ ದನಿ ಹದವಾಗಿ ಕೂಡುವುದು ಅದಕ್ಕಿಂತ ನಾಲ್ಕೈದು ಮನೆ ಮೇಲೆ. ಅವನು ರೂಢಿಯಂತೆ ತನ್ನ ಕಾಳಿ ಒಂದನ್ನೇ ಒತ್ತಿದನೆನ್ನಿ. ತಗ್ಗಿನಲ್ಲಿ ಹಾಡಿದರೆ ಆಕೆಯ ದನಿ ಗಂಟಲು ಬಿಟ್ಟು ಹೊರಗೆ ಬರುವುದಿಲ್ಲ, ಏರಿಸಿದರೆ ಚೀರಾಟವಾಗುತ್ತದೆ. ಕೇಳುವವರು ‘ಹೆಂಗಸ್ರ ಭಜನಿ ಅಂದ್ರ ಬರೇ ಚೀರೋದು’ ಎಂದು ತೀರ್ಪು ಕೊಟ್ಟು ಎದ್ದು ಹೋಗುತ್ತಾರೆ. ಪಟ್ಟಿ ಏರಿಸು ಎಂದರೆ ತಬಲಾದವನ ತಕರಾರು: “ಇನ್ನ ಮ್ಯಾಲೆ ಏರಂಗಿಲ್ರಿ ಅಕ್ಕಾ, ಚರ್ಮ ಹರೀತದ.” ಅವನ ಮಾತೂ ಖರೇ. ಬಾಯಗಲದ ತಬಲಾ ತಗ್ಗಿನ ಸ್ವರಕ್ಕೆ, ಚಿಕ್ಕ ಬಾಯಿಯದು ಏರು ಸ್ವರಕ್ಕೆ. ಸುತ್ತಿಗೆಯಿಂದ ಗಟ್ಟಿ ಬಡಿದು ಏರಿಸುವುದಕ್ಕೂ ಒಂದು ಮಿತಿ ಇದೆ. ತಿಳಿದವನಾದರೆ ಮಧ್ಯಮಕ್ಕೆ ಕೂಡಿಸಿಕೊಂಡು ನಿಭಾಯಿಸುತ್ತಾನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನಾಲ್ಕು ವರ್ಷ ಕುಂತು ಬಂದವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಎಲ್ಲ ಊರಿಗೂ ಪುಣ್ಯಾಶ್ರಮದವರು ಸಿಗಬೇಕಲ್ಲ! ಬಾರಿಸುವವರು ಹೆಚ್ಚು, ತಿಳಿದವರು ಕಡಿಮೆ.

ಗಂಗೂಬಾಯಿ ಹಾನಗಲ್ ಅವರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದನಿ ದಪ್ಪವಾಯಿತು, ಗಂಡಸರನ್ನೂ ಮೀರಿಸುವಂಥ ಗಡಸು ಬಂತು, ಅದನ್ನೇ ಅವರು ತಮ್ಮ ಶಕ್ತಿಯನ್ನಾಗಿ ಮಾಡಿಕೊಂಡರು. ಹಾಗೆಂದು ನೆಲೋಗಿಯ ಭಜನಾ ಸಂಘಕ್ಕೆಲ್ಲ ಗಂಟಲು ಕೊಯ್ಸಿಕೊಳ್ಳಿರಿ ಎನ್ನಲಾದೀತೇ?

ಇನ್ನು ನಡೆ. ರಾತ್ರಿ ಹತ್ತಕ್ಕೆ ಕಡಕೋಳ ಮಡಿವಾಳಪ್ಪನವರ ತತ್ವಪದ ಶುರುವಾದಾಗ ತಬಲಾದವನು ಭಜನಿ ಠೇಕಾದಲ್ಲಿ ಬಲು ಸಂಭಾವಿತ. ಹನ್ನೊಂದೂವರೆಗೆ ಚಹಾ ಬಂತು, ಕಟ್ಟೆಯ ಮೇಲೆ ಗೆಳೆಯರು ಬಂದು ಕುಂತರು, ಇವನಿಗೆ ಓಡುನಡೆಯ ಲಗ್ಗಿ ನೆನಪಾಯಿತು. ಹಾಡುವಾಕೆ ಪದದ ನಡುವೆ ಉಸಿರು ತಗೊಳ್ಳುವಷ್ಟರಲ್ಲಿ ನಡೆ ದುಪ್ಪಟ್ಟು. ಆಕೆ ಕಣ್ಣಲ್ಲೇ ‘ಸಾವಕಾಶ’ ಎನ್ನುತ್ತಾಳೆ. ಇವನು ಕಣ್ಣು ಮುಚ್ಚಿ ಕತ್ತು ಕುಣಿಸುತ್ತಿದ್ದಾನೆ. ಪದದ ಅರ್ಥ ಧೂಳು ಹಿಡಿದು ಹೋಗುತ್ತದೆ, ಗೆಳೆಯರು ಮಾತ್ರ ‘ವ್ಹಾ’ ಎನ್ನುತ್ತಾರೆ. ಹಾಡು ಎಲ್ಲಿಂದ ಏಳಬೇಕು, ಎಷ್ಟು ಜೋರಿನಲ್ಲಿ ಓಡಬೇಕು ಎಂಬ ಎರಡೂ ಹಾಡುವಾಕೆಯ ಕೈಯಲ್ಲಿ ಇಲ್ಲದ ಮೇಲೆ ಉಳಿದದ್ದೇನು? ಸೀರೆಯ ಬಣ್ಣ. ಅದರ ಬಗ್ಗೆ ಮಾತ್ರ ವಾರಗಟ್ಟಲೆ ಸ್ವತಂತ್ರ ಚರ್ಚೆ ನಡೆಯುತ್ತದೆ.

ಹಾಗಾದರೆ ಹೆಂಗಸರೇ ತಬಲಾ ಕಲಿಯಲಿ ಎಂದರೆ ಭಾಷಣಕಾರರು ತಟ್ಟನೆ ಒಂದು ಮಾತು ಒಗೆಯುತ್ತಾರೆ: ‘ರೊಟ್ಟಿ ಬಡಿಯೋ ಕೈಗೆ ತಬಲಾ ಏನು ದೊಡ್ಡದು!’ ಚಪ್ಪಾಳೆ ಬೀಳುತ್ತದೆ. ಮಾತು ಮಾತ್ರ ಪೂರಾ ಸುಳ್ಳು. ಜೋಳದ ರೊಟ್ಟಿಗೆ ಅಂಗೈ ಅಗಲವಾಗಿ ಬೀಳಬೇಕು, ಬೆರಳು ಬಿಡಿಯಾದರೆ ಅಂಚು ಹರಿಯುತ್ತದೆ. ತಬಲಾದಲ್ಲಿ ಬಲಗೈಯ ತೋರುಬೆರಳು ಅಂಚಿಗೆ ತಾಗಿ ಕೂಡಲೇ ಏಳಬೇಕು, ಎಡಗೈಯ ಮಣಿಕಟ್ಟು ಡಗ್ಗಾದ ಮೇಲೆ ಒತ್ತುತ್ತ ಸರಿಯಬೇಕು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಮೊದಲು ಆ ಅಭ್ಯಾಸವನ್ನೇ ಮರೆಯಬೇಕು. ಹೀಗೆ ಕಲಿಯಲು ಕುಂತ ಒಬ್ಬಾಕೆಯನ್ನು ನಾನು ನೋಡಿದ್ದೇನೆ. ಎಂಟು ಮಾತ್ರೆಯ ಕೇರವಾ ಬಾಯಲ್ಲಿ ಚೆನ್ನಾಗಿ ಹೇಳುತ್ತಿದ್ದಳು, ಕೈ ಬಿದ್ದ ಕೂಡಲೇ ಎಲ್ಲ ಒಂದೇ ದಪ್ಪ ಸಪ್ಪಳ. “ನಿಮ್ಮ ಭಾಷಣದವರನ್ನ ಕರೀರಿ, ಎರಡು ರೊಟ್ಟಿ ಬಡದು ತೋರಸ್ಲಿ” ಎಂದಳು. ಕಡೆಗೆ ಆಕೆಗೆ ದಾರಿ ತೋರಿದ್ದು ರೊಟ್ಟಿಯಲ್ಲ, ನೆತ್ತಿಗೆ ಎಣ್ಣೆ ತಟ್ಟುವ ಕೈ ಎಂದು ಆಕೆಯೇ ಹೇಳಿದಳು. ಬೆರಳ ತುದಿ ಹಗುರಾಗಬೇಕು ಎಂಬುದು ಅಲ್ಲಿಂದ ಹೊಳೆಯಿತಂತೆ.

ಆದರೆ ವಾದ್ಯ ಹಿಡಿದ ಹೆಂಗಸು ನಮ್ಮ ಕಡೆ ಹೊಸಬಳೇನಲ್ಲ. ಗೀಗೀ ಪದದ ಹರದೇಶಿ-ನಾಗೇಶಿ ವಾದ ಕೇಳಿದವರಿಗೆ ಗೊತ್ತು. ತುರಾಯಿಯ ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹಾಡಬೇಕು. ಕಲ್ಗಿಯ ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು ತಿರುಗಿಸಿ ಕೊಡಬೇಕು. ಜಾತ್ರೆಯಲ್ಲಿ ಎರಡೂ ಮೇಳ ಎದುರುಬದುರು ನಿಂತರೆ ರಾತ್ರಿ ಬೆಳಗಾಗುತ್ತದೆ. ನಾಗೇಶಿಯ ಮುಮ್ಮೇಳದಾಕೆ ಡಪ್ಪನ್ನು ತಾನೇ ಹಿಡಿದು, ತಾನೇ ಬಾರಿಸಿ, ತಾನೇ ಸವಾಲು ಹಾಕುತ್ತಾಳೆ. ಪಕ್ಕದಲ್ಲಿ ತುಂತುಣಿ, ತಾಳ. ಎಷ್ಟೋ ಮೇಳಗಳಲ್ಲಿ ಹಿಂದೆ ನಿಂತು ಸೊಲ್ಲು ಹಿಡಿಯುವವರು ಗಂಡಸರೇ. ‘ಹೆಣ್ಣೇ ಹೆಚ್ಚು’ ಎಂದು ಅವರೂ ಗಂಟಲು ಬಿಚ್ಚಿ ಒಪ್ಪಿಕೊಳ್ಳುವುದು ನೋಡಲಿಕ್ಕೆ ಬಲು ಚೆಂದ. ನಡೆ ಆಕೆಯ ಕೈಯಲ್ಲಿದೆ ಎಂಬುದು ಅಲ್ಲಿ ಎದ್ದು ಕಾಣುತ್ತದೆ. ಎದುರಿನವನು ಮಾತಿಗೆ ತಡವರಿಸಿದಾಗ ಡಪ್ಪನ್ನು ನಿಲ್ಲಿಸಿಯೇ ಬಿಡುತ್ತಾಳೆ. ಆ ಒಂದು ಗಳಿಗೆಯ ಮೌನಕ್ಕೆ ಸೀಟಿ ಬೀಳುತ್ತದೆ, ಮೈಕಿನಲ್ಲಿ ‘ಇಂಥವರಿಂದ ನೂರಾ ಒಂದು ರೂಪಾಯಿ ಕಲಾ ಬಹುಮಾನ’ ಎಂದು ಕೂಗುತ್ತಾರೆ.

ಆದರೂ ಮರುದಿನ ಅದೇ ಊರು ‘ನಮ್ಮ ಮನೆ ಹೆಣ್ಮಕ್ಕಳು ಡಪ್ಪು ಹಿಡಿಯೋದೇನು ಬ್ಯಾಡ’ ಎನ್ನುತ್ತದೆ. ಕಾರಣ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಚರ್ಮದ ವಾದ್ಯಕ್ಕೆ ನಮ್ಮಲ್ಲಿ ಜಾತಿ ಅಂಟಿದೆ. ಹಲಗಿ ಯಾರ ಓಣಿಯಿಂದ ಬರಬೇಕು ಎಂದು ಊರು ನಿಗದಿ ಮಾಡಿಟ್ಟಿದೆ. ಚೌಡಕಿಗಂತೂ ಇನ್ನೂ ಭಾರದ ಕಥೆ. ಕಂಕುಳಲ್ಲಿ ಅವುಚಿಕೊಂಡು, ತಂತಿ ಮೀಟುತ್ತ ಎಲ್ಲಮ್ಮನ ಪದ ಹಾಡುವ ಜೋಗತಿಯರ ಮೇಳ ನಮ್ಮ ನಾಡಿನ ಹಳೆಯ ಹೆಣ್ಣು ಮೇಳ. ಆದರೆ ಅದರ ಬೆನ್ನಿಗೆ ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿ ಇತ್ತು. 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಿ ಆ ಸಮರ್ಪಣೆಯನ್ನು ನಿಷೇಧಿಸಿತು. ಪದ್ಧತಿ ಹೋಗಬೇಕಾದ್ದೇ. ವಾದ್ಯದ ಪಾಪವೇನು? ಜೋಗತಿಯರ ಕಲೆಯನ್ನು ವೇದಿಕೆಯ ಮೇಲೆ ಮರ್ಯಾದೆಯಿಂದ ನಿಲ್ಲಿಸಿದ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದ ಮೇಲೆ ಕೆಲವರ ಹುಬ್ಬು ಸ್ವಲ್ಪ ಇಳಿದಿದೆ. ಭಜನಾ ಸಂಘಗಳು ಮಾತ್ರ ಇನ್ನೂ ತಬಲಾವೇ ಬೇಕು ಎನ್ನುತ್ತವೆ. ತಬಲಾವೂ ಚರ್ಮದ್ದೇ ಎಂದು ನೆನಪಿಸಿದರೆ ‘ಅದು ಶಾಸ್ತ್ರೀಯ’ ಎಂಬ ಉತ್ತರ.

ಶಾಸ್ತ್ರೀಯದವರ ಕಥೆಯೂ ಬೇರೆಯೇನಲ್ಲ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಘಟ ಹಿಡಿದಾಗ, ಹೆಂಗಸಿನ ಜೋಡಿ ಬಾರಿಸುವುದಿಲ್ಲ ಎಂದ ಮೃದಂಗದವರಿದ್ದರು. ಅವರು 1995ರಲ್ಲಿ ‘ಸ್ತ್ರೀ ತಾಳ ತರಂಗ’ ಎಂಬ ಹೆಂಗಸರದೇ ವಾದ್ಯ ಮೇಳ ಕಟ್ಟಿದರು. ಶಾಸ್ತ್ರೀಯದ ಹೊರಗೂ ಇದೇ ಕಥೆ. ಬಿಹಾರದ ದಾನಾಪುರದ ಬಳಿ ಮಹಾದಲಿತ ಹೆಣ್ಣುಮಕ್ಕಳು ಸಮಾಜ ಸೇವಕಿ ಸುಧಾ ವರ್ಗೀಸ್ ಅವರ ಬೆಂಬಲದಿಂದ ಡ್ರಮ್ಮು ಹೆಗಲಿಗೆ ಹಾಕಿಕೊಂಡು ಮದುವೆಯ ಬ್ಯಾಂಡು ಕಟ್ಟಿದಾಗ ಮೊದಲು ನಕ್ಕವರೇ ಆಮೇಲೆ ಮುಂಗಡ ಕೊಟ್ಟು ಕರೆದರು. ಅಮೆರಿಕದ ಕೆಂಟಕಿಯ ಗುಡ್ಡಗಾಡಿನ ಹುಡುಗಿ ಲಿಲಿ ಮೇ ಲೆಡ್‌ಫೋರ್ಡ್ 1937ರಲ್ಲಿ ‘ಕೂನ್ ಕ್ರೀಕ್ ಗರ್ಲ್ಸ್’ ಎಂಬ ಹೆಣ್ಣುಮಕ್ಕಳದೇ ಹಳ್ಳಿ ವಾದ್ಯಮೇಳದಲ್ಲಿ ಬ್ಯಾಂಜೋ ಹಿಡಿದಳು. ಪಿಟೀಲು, ಮ್ಯಾಂಡೋಲಿನ್, ದೊಡ್ಡ ಬಾಸು ಎಲ್ಲವನ್ನೂ ಅವರೇ ಬಾರಿಸುತ್ತಿದ್ದರು, ಬಾಡಿಗೆಯ ತಬಲಾದವನ ಹಂಗಿಲ್ಲ. ಮೇಳ ಕಟ್ಟಿಸಿದವನು ಮಾತ್ರ ಜಾನ್ ಲೇರ್ ಎಂಬ ಗಂಡಸು. ಲಿಲಿ, ರೋಸಿ, ಡೈಸಿ, ವಯೋಲೆಟ್ ಎಂದು ನಾಲ್ವರಿಗೂ ವೇದಿಕೆಯ ಮೇಲೆ ಹೂವಿನ ಹೆಸರು! ನಮ್ಮಲ್ಲಿ ಸೀರೆಯ ಬಣ್ಣ, ಅವರಲ್ಲಿ ಹೂವು. 1939ರಲ್ಲಿ ಶ್ವೇತಭವನಕ್ಕೆ ಇಂಗ್ಲೆಂಡಿನ ರಾಜ ಆರನೇ ಜಾರ್ಜ್ ಬಂದಾಗ ಇವರ ಕಛೇರಿ ನಡೆಯಿತು. ಗಂಟು ಮೋರೆ ಹಾಕಿ ಕುಂತಿದ್ದ ರಾಜನ ಕಾಲು ಒಂದಿಷ್ಟೇ ತಾಳ ಹಾಕುತ್ತಿದ್ದುದನ್ನು ಲಿಲಿ ಮೇ ಕಂಡಳಂತೆ. ನಡೆ ಯಾರ ಕೈಯಲ್ಲಿದೆಯೋ ಅವರ ಕಣ್ಣು ಮೊದಲು ಹೋಗುವುದು ಕೇಳುವವರ ಕಾಲಿನ ಕಡೆಗೇ.

ಊರಿಗೆ ಬರೋಣ. ಈಗ ನಮ್ಮ ಹೆಂಗಸರಿಗೆ ತಬಲಾ ಕಲಿಯಲು ಒಂದು ವಿಚಿತ್ರ ಕುಮ್ಮಕ್ಕು ಸಿಕ್ಕಿದೆ, ಅದು ಸಂಗೀತ ಅಕಾಡೆಮಿಯಿಂದ ಬಂದದ್ದಲ್ಲ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಕಲಬುರಗಿಗೋ ಸಿಂದಗಿಗೋ ಕಾರ್ಯಕ್ರಮಕ್ಕೆ ಹೊರಟರೆ ಹನ್ನೆರಡು ಮಂದಿಗೂ ಜೀರೋ ಟಿಕೆಟ್. ದುಡ್ಡು ಕೊಡಬೇಕಾದ್ದು ಪೇಟಿಯವನಿಗೆ, ತಬಲಾದವನಿಗೆ ಮಾತ್ರ. ಅವರಿಗೆ ಟಿಕೆಟ್ಟು, ಚಹಾ, ಎಲೆ-ಅಡಿಕೆ, ಮೇಲೆ ಸಂಭಾವನೆ. ಸಂಘದ ಲೆಕ್ಕದ ಪುಸ್ತಕ ಬರೆಯುವ ಹೆಂಗಸಿಗೆ ಈ ಖರ್ಚು ಕಣ್ಣಿಗೆ ಹೊಡೆಯದೇ ಇರುತ್ತದೆಯೇ? ಹೆಣ್ಣು ಮೇಳದ ಪರವಾಗಿ ನೂರು ಭಾಷಣ ಮಾಡದ ಕೆಲಸವನ್ನು ಕಂಡಕ್ಟರನ ಮಿಷನ್ನು ಮಾಡಿತು.

ಹೀಗೆ ತಬಲಾ, ಪೇಟಿ ಎರಡೂ ಹೆಂಗಸರ ಕೈಗೇ ಬಂದ ಮೇಳಕ್ಕೆ ಹೋಗುವುದು ಸಲೀಸು, ಬರುವುದೇ ಕಷ್ಟ. ಭಜನೆ ಮುಗಿಯುವುದು ರಾತ್ರಿ ಎರಡಕ್ಕೋ ಮೂರಕ್ಕೋ. ಆಗ ಯಾವ ಬಸ್ಸೂ ಇಲ್ಲ. ಡಗ್ಗಾ, ತಬಲಾ, ಪೇಟಿ, ಸಿಂಬಿ, ಸುತ್ತಿಗೆ, ತಾಳದ ಚೀಲ ಹೊತ್ತುಕೊಂಡು ಕ್ರಾಸಿನಲ್ಲಿ ನಿಲ್ಲುವುದಕ್ಕಾಗುತ್ತದೆಯೇ? ಕ್ರೂಸರ್ ಗಾಡಿಯೇ ಬೇಕು. ಬಾಡಿಗೆಗೆ ಹೇಳಿದರೆ ಬಂದ ಸಂಭಾವನೆಯಲ್ಲಿ ಅರ್ಧ ಡೀಸೆಲ್ಲಿಗೇ ಸರಿ. ಹೀಗಾಗಿ ಮೇಳದವರಲ್ಲಿ ಒಬ್ಬಾಕೆಯ ಗಂಡನ ಗಾಡಿ ಗೊತ್ತಾಗುತ್ತದೆ. ಅವನು ಭಜನೆ ಮುಗಿಯುವ ತನಕ ಸೀಟಿನ ಮೇಲೆ ಟಾವೆಲ್ ಹೊದ್ದು ಮಲಗಿ, ಎಬ್ಬಿಸಿದಾಗ ಎದ್ದು, ಗೊಣಗುತ್ತ ಗಾಡಿ ಚಾಲೂ ಮಾಡುತ್ತಾನೆ. ಹಿಂದಿನ ಸೀಟಿನಲ್ಲಿ ಆಗಲೇ ದುಡ್ಡು ಎಣಿಸುವುದು ನಡೆದಿರುತ್ತದೆ. ಮೊದಲು ತಬಲಾದಾಕೆಯ ಪಾಲು, ಆಮೇಲೆ ಪೇಟಿಯಾಕೆಯದು, ಆಮೇಲೆ ಉಳಿದವರದು.

“ಮತ್ತ ನಂದೆಷ್ಟು?” ಎಂದು ಕನ್ನಡಿಯಲ್ಲಿ ನೋಡುತ್ತ ಕೇಳುತ್ತಾನೆ ಅವನು.

“ನಿಮಗ ಜೀರೋ ಟಿಕೇಟ್ ಹರದೀವ್ರಿ,” ಎನ್ನುತ್ತಾಳೆ ಹೆಂಡತಿ, “ಸುಮ್ನ ಗಾಡಿ ಹೊಡೀರಿ.”