ಬಿಸಿಲು ಏರುವ ಮೊದಲು

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಸರ್ಕಾರವೂ ತನ್ನ ಗಡಿಯಾರ ತಿದ್ದಿಕೊಳ್ಳುತ್ತದೆ. ಈ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳು ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹೊಲದವರಿಗೆ ಇದಕ್ಕೆ ಆದೇಶ ಬೇಕಿಲ್ಲ. ಚುಕ್ಕಿ ಇನ್ನೂ ಕಾಣುವಾಗಲೇ ಎದ್ದು, ರೊಟ್ಟಿ ಕಟ್ಟಿಕೊಂಡು ಹೋಗಿ, ಸೂರ್ಯ ನೆತ್ತಿಗೆ ಬರುವುದರೊಳಗೆ ಬೇವಿನ ಗಿಡದ ಕೆಳಗೆ ಬಂದು ಕೂತಿರುತ್ತಾರೆ. ಊರೆಲ್ಲ ಹೊತ್ತು ಬದಲಿಸಿದಾಗಲೂ ಬದಲಿಸದೆ ಉಳಿಯುವವರು ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರು. ರಾತ್ರಿ ತಂಪಿರುತ್ತದೆ ಎಂದು ಎರಡರ ತನಕ ಓದುತ್ತಾರೆ. ಒಂಬತ್ತಕ್ಕೆ ಏಳುತ್ತಾರೆ. ಒಂದು ಕಪ್ಪು ಚಾ, ಎರಡು ಬಿಸ್ಕೀಟು. ಹಸಿವಾಗುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಆಗ 42 ಡಿಗ್ರಿ ಬಿಸಿಲಿನಲ್ಲಿ ಖಾನಾವಳಿ ಹುಡುಕಿಕೊಂಡು ಹೊರಡುತ್ತಾರೆ.

ಆ ರೂಮುಗಳಲ್ಲಿ ನಾನೂ ಬದುಕಿದ್ದೇನೆ, ಈಗಲೂ ಅವುಗಳಿಗೆ ಹೋಗಿ ಬರುತ್ತೇನೆ. ಅಲ್ಲಿ ಬೇಸಿಗೆಯ ಮಾತು ಬಂದಾಗಲೆಲ್ಲ ಕೊನೆಗೆ ಬಂದು ನಿಲ್ಲುವುದು ರೊಕ್ಕದ ಹತ್ತಿರ. ರೊಕ್ಕ ಇದ್ದರೆ ಹಣ್ಣು ತಿನ್ನಬಹುದಿತ್ತು, ರೊಕ್ಕ ಇದ್ದರೆ ಜಿಮ್ಮಿಗೆ ಹೋಗಬಹುದಿತ್ತು. ರೊಕ್ಕದ ಕಷ್ಟ ಸಣ್ಣದೆಂದು ನಾನು ಹೇಳಲಾರೆ. ವಿದ್ಯಾಸಿರಿ ಯೋಜನೆಯಲ್ಲಿ ಊಟ ಮತ್ತು ವಸತಿಗೆಂದು ವಿದ್ಯಾರ್ಥಿಗೆ ಸಿಗುತ್ತ ಬಂದದ್ದು ತಿಂಗಳಿಗೆ 1500 ರೂಪಾಯಿ. ದಿನಕ್ಕೆ ಹಂಚಿದರೆ 50. ಅದರಲ್ಲೇ ಬಾಡಿಗೆ, ಅದರಲ್ಲೇ ಗ್ಯಾಸು, ಅದರಲ್ಲೇ ಊಟ ಎಂದರೆ ಯಾರ ಲೆಕ್ಕವೂ ಕೂಡುವುದಿಲ್ಲ. ಆದರೂ ಈ ಸೀಮೆಯ ಬಡವರು ನೂರಾರು ಬೇಸಿಗೆಗಳನ್ನು ಇದಕ್ಕಿಂತ ಕಡಿಮೆಯಲ್ಲಿ ದಾಟಿದ್ದಾರೆ, ಬಿಸಿಲಲ್ಲಿ ದುಡಿಯುತ್ತ ದಾಟಿದ್ದಾರೆ. ಅವರ ಬಳಿ ಇದ್ದದ್ದು ಜೋಳ, ನೀರು, ಮತ್ತು ಯಾವ ಕೆಲಸ ಯಾವ ಹೊತ್ತಿಗೆ ಎಂಬ ತಿಳಿವಳಿಕೆ. ಆ ತಿಳಿವಳಿಕೆಗೆ ಕಾಸು ಕೊಡಬೇಕಾಗಿಲ್ಲ.

ಕಲಬುರಗಿಯ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತರೆ ಈ ಊರಿನ ವಿದ್ಯಾರ್ಥಿಗಳು ಏನು ತಿಂದು ಓದುತ್ತಾರೆ ಎಂಬುದು ಕಣ್ಣಿಗೇ ಕಾಣುತ್ತದೆ. ಸೇಡಂ, ಜೇವರ್ಗಿ, ಆಳಂದ, ಅಫಜಲಪುರ ಕಡೆಯಿಂದ ಬರುವ ಬಸ್ಸುಗಳಲ್ಲಿ ಚೀಲಗಳು ಬರುತ್ತವೆ. ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ, ಮೇಲೆ ಮಾಸದ ಮಸಿಯಲ್ಲಿ ಬರೆದ ಹೆಸರು, ಮೊಬೈಲ್ ನಂಬರು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಡಬ್ಬಿಯಲ್ಲಿ ಪುಂಡಿಪಲ್ಯ, ಪೊಟ್ಟಣದಲ್ಲಿ ಶೇಂಗಾ ಹಿಂಡಿ. ಊರಿನಲ್ಲಿ ತಾಯಿ ನಸುಕಿಗೆ ಎದ್ದು ಬಡಿದದ್ದು ಹತ್ತು ಗಂಟೆಯೊಳಗೆ ಮಗಳ ರೂಮು ಸೇರುತ್ತದೆ. ಕಂಡಕ್ಟರುಗಳು ಈ ಚೀಲಗಳನ್ನು ಕಾಯುವ ಪರಿ ನೋಡಿದರೆ ಮನಸ್ಸು ತುಂಬಿ ಬರುತ್ತದೆ. "ಹಸೀ ಪಲ್ಯ ಅದ ಅದ್ರಾಗ, ಬಿಸಿಲಿಗಿ ಇಡಬ್ಯಾಡ್ರೀ" ಎಂದು ಊರಲ್ಲಿ ಯಾರೋ ಹೇಳಿ ಕಳಿಸಿದ್ದನ್ನು ನೆನಪಿಟ್ಟುಕೊಂಡು ಸೀಟಿನ ಕೆಳಗೆ ನೆರಳಿಗೆ ತಳ್ಳಿರುತ್ತಾರೆ. ಯಾವ ಬಜೆಟ್ಟಿನಲ್ಲೂ ಕಾಣದ ಈ ಹೆಂಗಸರ ದುಡಿಮೆ ಇಲ್ಲದಿದ್ದರೆ ಉತ್ತರದ ಈ ಜಿಲ್ಲೆಗಳಲ್ಲಿ ಎಷ್ಟೋ ಪದವಿಗಳು ಅರ್ಧಕ್ಕೆ ನಿಲ್ಲುತ್ತಿದ್ದವು.

ಬೇಸಿಗೆಯಲ್ಲಿ ಪಲ್ಯ ಸಂಜೆಯೊಳಗೆ ಹಳಸುತ್ತದೆ, ಅದನ್ನು ಮಧ್ಯಾಹ್ನವೇ ಮುಗಿಸಬೇಕು. ಆದರೆ ಖಡಕ್ ರೊಟ್ಟಿಗೆ ಬಿಸಿಲು ಅನುಕೂಲ. ಒಣಗಿದಷ್ಟೂ ಬಾಳುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ಹಿಂಡಿಯೂ ಹಾಗೆಯೇ. ಒಲೆ ಹಚ್ಚದೆ, ರೂಮಿನ ಸೆಕೆ ಹೆಚ್ಚಿಸದೆ ಆಗುವ ಊಟ ಇದು. ಅದರ ಜೊತೆಗೆ ಹಸಿಯಾಗಿ ಏನಾದರೂ ಇರಲಿ: ಉಳ್ಳಾಗಡ್ಡಿ, ಸೌತೆಕಾಯಿ, ಮೆಂತೆ ಸೊಪ್ಪು, ಸಿಕ್ಕರೆ ಹಕ್ಕರಕಿ. ಸಂಜೆ ಮಾರುಕಟ್ಟೆ ಮುಗಿಯುವ ಹೊತ್ತಿಗೆ ಹೋದರೆ ಬಾಡಿದ ಸೊಪ್ಪು ಅರ್ಧ ಬೆಲೆಗೆ ಸಿಗುತ್ತದೆ, ತಣ್ಣೀರಲ್ಲಿ ಒಂದು ತಾಸು ನೆನೆಸಿಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ.

ಪೊಲೀಸ್ ನೇಮಕಾತಿಗೆ ಓಡುವ ಹುಡುಗರು ನನ್ನನ್ನು ಹೆಚ್ಚು ಕೇಳುವುದು ಪ್ರೋಟೀನಿನ ಬಗ್ಗೆ. ಡಬ್ಬಿಯ ಪುಡಿ ಕೊಳ್ಳಲು ಊರಿಂದ ರೊಕ್ಕ ತರಿಸಿಕೊಳ್ಳುವವರೂ ಇದ್ದಾರೆ. ಅವರೊಂದಿಗೆ ಕೂತು ಕಾಗದದ ಮೇಲೆ ಲೆಕ್ಕ ಹಾಕುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ದೇಹತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋ ತೂಗುವ ಹುಡುಗನಿಗೆ 50 ಗ್ರಾಂ ಆಯಿತು. ಜೋಳದ ಹಿಟ್ಟಿನಲ್ಲಿ ನೂರಕ್ಕೆ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ನಾಲ್ಕು ರೊಟ್ಟಿಗೆ 300 ಗ್ರಾಂ ಹಿಟ್ಟು ಹಿಡಿದರೆ ಅಲ್ಲಿಗೇ 30. ಒಂದು ಮುಷ್ಟಿ ಶೇಂಗಾ, ಅಂದರೆ 40 ಗ್ರಾಂ, ಇನ್ನೊಂದು 10 ಕೊಡುತ್ತದೆ. 50 ಗ್ರಾಂ ತೊಗರಿ ಬೇಳೆ ಅಥವಾ ಮೊಳಕೆ ಕಟ್ಟಿದ ಹೆಸರು, ಮಡಕಿ ಕಾಳು ಉಳಿದದ್ದನ್ನು ತುಂಬುತ್ತದೆ. ಓಡುವವರಿಗೆ ಇನ್ನಷ್ಟು ಬೇಕು, ನಿಜ. ಅದಕ್ಕೆ ಎರಡು ಮೊಟ್ಟೆ ಸೇರಿಸಿಕೊಳ್ಳಲಿ, ತಿನ್ನದವರು ಬೇಳೆ ಮತ್ತು ಮೊಸರು ಹೆಚ್ಚಿಸಿಕೊಳ್ಳಲಿ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ತೊಗರಿ ಬೆಳೆಯುವ ಜಿಲ್ಲೆ ಇದು. ಅದರ ರೈತರ ಮಕ್ಕಳು ಪ್ರೋಟೀನನ್ನು ಡಬ್ಬಿಯಲ್ಲಿ ಹುಡುಕಬೇಕಾಗಿ ಬಂದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನು ನೀರು. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗಿನ ಗಾಳಿ 42 ಇದ್ದಾಗ ಫ್ಯಾನು ಬೀಸುವುದು ಬಿಸಿಯನ್ನೇ. ಆಗ ಮೈಯನ್ನು ತಂಪಾಗಿಡುವ ದಾರಿ ಒಂದೇ, ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ರೂಮಿನ ಮೂಲೆಯ ಮಣ್ಣಿನ ಗಡಿಗೆ ನೀರನ್ನು ತಂಪು ಮಾಡುವುದೂ ಇದೇ ದಾರಿಯಲ್ಲಿ, ಸಣ್ಣ ರಂಧ್ರಗಳಿಂದ ಜಿನುಗಿ, ಆರಿ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಎರಡೂ ಸೋಲುತ್ತವೆ, ಕಲಬುರಗಿಯ ಒಣ ಗಾಳಿಯಲ್ಲಿ ಎರಡೂ ಗೆಲ್ಲುತ್ತವೆ. ಆದರೆ ಈ ಗೆಲುವಿನಲ್ಲೇ ಒಂದು ಅಪಾಯವೂ ಇದೆ. ಇಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಹುಟ್ಟುತ್ತಲೇ ಆರುತ್ತದೆ. ಅಂಗಿಯ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗಷ್ಟೇ ಎಷ್ಟು ನೀರು ಹೋಗಿದೆ ಎಂದು ಗೊತ್ತಾಗುವುದು. ಬಾಯಾರಿಕೆಗಾಗಿ ಕಾಯದೆ ಕುಡಿಯುತ್ತಿರಬೇಕು. ಮೂತ್ರದ ಬಣ್ಣ ಗಾಢವಾಗಿದ್ದರೆ ಕುಡಿದದ್ದು ಸಾಲದು ಎಂದೇ ಅರ್ಥ. ಮಧ್ಯಾಹ್ನ ಓದುವಾಗ ಒದ್ದೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಫ್ಯಾನಿನ ಕೆಳಗೆ ಕೂತರೆ, ನೆಲ ಶಹಾಬಾದ್ ಕಲ್ಲಿನದಾಗಿದ್ದರೆ ಅದರ ಮೇಲೆಯೇ ಚಾಪೆ ಇಲ್ಲದೆ ಕೂತರೆ, ಆ ಕಠಿಣ ಮೂರು ತಾಸು ದಾಟುತ್ತವೆ.

ಹೋದದ್ದು ನೀರು ಮಾತ್ರವಲ್ಲ, ಉಪ್ಪೂ ಹೋಗಿರುತ್ತದೆ. ನಮ್ಮ ಹಿರಿಯರ ಅಂಬಲಿ, ಜೋಳದ ನುಚ್ಚು ಮತ್ತು ಮಜ್ಜಿಗೆ ನೀರು, ಉಪ್ಪು ಎರಡನ್ನೂ ಒಟ್ಟಿಗೆ ತುಂಬಿಕೊಡುತ್ತಿದ್ದವು. ನುಚ್ಚನ್ನು ರಾತ್ರಿ ಕುದಿಸಿಟ್ಟು, ಬೆಳಿಗ್ಗೆ ಹುಳಿ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಹಾಕಿ ಕುಡಿದರೆ ಹನ್ನೊಂದರ ತನಕ ಹಸಿವೂ ಇಲ್ಲ, ದಾಹವೂ ಇಲ್ಲ. ಅರ್ಧ ಲೀಟರ್ ಮೊಸರಿನ ಪ್ಯಾಕೆಟ್ಟಿಗೆ ನಾಲ್ಕು ಪಟ್ಟು ನೀರು ಬೆರೆಸಿದರೆ ಮೂವರು ಗೆಳೆಯರ ದಿನದ ಮಜ್ಜಿಗೆ ಆಗುತ್ತದೆ. ಹುಣಸೆಹಣ್ಣು, ಬೆಲ್ಲ, ಚಿಟಿಕೆ ಉಪ್ಪು ಕಿವುಚಿದ ಪಾನಕ ಇನ್ನೂ ಅಗ್ಗ. ನಿಂಬೆ ಮಾತ್ರ ಬೇಸಿಗೆಯಲ್ಲಿ ಕೈಗೆ ಸಿಗದಷ್ಟು ದುಬಾರಿಯಾಗುತ್ತದೆ, ಪಕ್ಕದ ಇಂಡಿಯಲ್ಲಿ ಅಷ್ಟೊಂದು ಬೆಳೆದರೂ. ಯಾರಿಗಾದರೂ ವಾಂತಿ ಭೇದಿ ಶುರುವಾದರೆ ಮಜ್ಜಿಗೆ ಸಾಲದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನು ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆಯ ದ್ರಾವಣ ಕುಡಿಸಿಯೇ ಕಾಲರಾ ರೋಗಿಗಳ ಜೀವ ಉಳಿಸಿದರು. ಪ್ರತಿ ರೂಮಿನ ಗೋಡೆಯ ಮೇಲೆ ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿ ಈ ಅಳತೆಯನ್ನೂ ಬರೆದಿಡಬೇಕು ಎಂದು ನನ್ನ ಆಸೆ. ಕಷ್ಟ ಹೆಚ್ಚಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೀದಿಯ ತಂಪು ಪಾನೀಯಗಳ ಬಗ್ಗೆ ಒಂದೇ ಮಾತು: ಐಸು ಯಾವ ನೀರಿನದೆಂದು ಗೊತ್ತಿಲ್ಲದಿದ್ದರೆ ಬೇಡ. ಹೆಚ್ಚಿಟ್ಟ ಕಲ್ಲಂಗಡಿಗಿಂತ ನಾಲ್ವರು ಕೂಡಿ ಇಡೀ ಹಣ್ಣು ತರುವುದು ಒಳ್ಳೆಯದು, ಸೋವಿಯೂ ಹೌದು.

ಓಟದ ಮಾತಿಗೆ ಬರೋಣ. ಕಾನ್‌ಸ್ಟೇಬಲ್ ಹುದ್ದೆಗೆ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹುಡುಗಿಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಹೀಗಾಗಿ ಈ ಊರಿನ ಮೈದಾನಗಳಲ್ಲಿ ಐದೂವರೆಗೇ ಹೆಜ್ಜೆ ಸಪ್ಪಳ ಕೇಳುತ್ತದೆ. ಹುದ್ದೆಯ ಆಸೆ ಇಲ್ಲದವರೂ ಆ ಹೊತ್ತಿಗೆ ಅಲ್ಲಿರಬೇಕೆಂದು ನಾನು ಹೇಳುತ್ತೇನೆ. ನಿಂಬೆ ಬಣ್ಣದ ಬೆಳಕು, ಮಣ್ಣು ಇನ್ನೂ ತಣ್ಣಗೆ, ಗಾಳಿಯಲ್ಲಿ ಬೇವಿನ ಹೂವಿನ ಕಹಿಗಂಪು. ಇಡೀ ದಿನದಲ್ಲಿ ಕಲಬುರಗಿ ಇಷ್ಟು ಚೆಲುವಾಗಿ ಕಾಣುವ ಗಳಿಗೆ ಇನ್ನೊಂದಿಲ್ಲ. ಏಳೂವರೆಗೆಲ್ಲ ಅದು ಮುಗಿದುಹೋಗುತ್ತದೆ. ಮಾರ್ಚಿನಲ್ಲಿ ಓಡಿದಷ್ಟೇ ವೇಗವನ್ನು ಏಪ್ರಿಲಿನ ಮೊದಲ ವಾರದಲ್ಲೂ ನಿರೀಕ್ಷಿಸಬಾರದು. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಆ ಬೆವರಿನಲ್ಲಿ ಉಪ್ಪು ಕಡಿಮೆ ಕಳೆದುಕೊಳ್ಳುತ್ತದೆ. ಅಲ್ಲಿಯವರೆಗೆ ನಿಧಾನವಾಗಿ, ಕಡಿಮೆ ದೂರ. ತಲೆ ತಿರುಗಿದರೆ, ಚಳಿ ಬಂದಂತಾದರೆ ಅಲ್ಲೇ ನಿಂತು ನೆರಳಿಗೆ ಹೋಗಬೇಕು. ಅಂಥ ಹೊತ್ತಲ್ಲಿ ಛಲ ತೋರಿಸಬಾರದು. ಓಡುವ ಮುನ್ನ ಒಂದು ಬಾಳೆಹಣ್ಣು, ಓಡಿದ ಮೇಲೆ ಶೇಂಗಾ ಬೆಲ್ಲ. ಜಿಮ್ಮಿನ ಚಂದಾಕ್ಕಿಂತ ನಿದ್ದೆ ಮುಖ್ಯ. ಬೆಳಿಗ್ಗೆ ಏಳಬೇಕಾದರೆ ರಾತ್ರಿ ಹತ್ತಕ್ಕೆ ಮಲಗಲೇಬೇಕು. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ರೂಮಿನೊಳಗೆ ಬಿಸಿ ಉಗುಳುವುದರಿಂದ ಮಾಳಿಗೆಯ ಮೇಲೆ ಹಾಸಿಗೆ ಹಾಸುವುದೇ ಸರಿ.

ಹುಡುಗಿಯರ ವಿಷಯದಲ್ಲಿ ಈ ಸಲಹೆಗಳೆಲ್ಲ ಇಷ್ಟು ಸುಲಭವಲ್ಲ. ನಸುಕಿನ ಮೈದಾನ, ಮಾಳಿಗೆಯ ನಿದ್ದೆ, ಸಂಜೆಯ ಮಾರುಕಟ್ಟೆ ಎಲ್ಲವೂ ಊರು ಎಷ್ಟು ಸುರಕ್ಷಿತ ಎಂಬುದರ ಮೇಲೆ ನಿಂತಿವೆ. ನನಗೆ ಪರಿಚಯದ ಕೆಲವು ವಿದ್ಯಾರ್ಥಿನಿಯರು ಏಳೆಂಟು ಮಂದಿ ಸೇರಿ ಮೈದಾನಕ್ಕೆ ಹೋಗುತ್ತಾರೆ. ಅವರಲ್ಲೊಬ್ಬಳು ಹೇಳಿದ್ದು: "ಸರ್, ಒಬ್ಬಾಕಿ ಓಡಿದ್ರ ಎಲ್ಲಾರೂ ನೋಡ್ತಾರ. ಎಂಟು ಮಂದಿ ಓಡಿದ್ರ ಹಾದಿ ಬಿಡ್ತಾರ." ಉಳಿದ ದಿನ ಅವರ ಪಿ.ಜಿ.ಯ ಮಾಳಿಗೆಯಲ್ಲಿ ಹಗ್ಗದಾಟ ನಡೆಯುತ್ತದೆ. ಒಂದು ಹಗ್ಗ, ಸರದಿಯ ಮೇಲೆ. ಹತ್ತು ನಿಮಿಷ ಹಗ್ಗ ಹಾರಿದವರಿಗೆ ಬೇರೆ ಯಂತ್ರ ಬೇಕೆನಿಸುವುದಿಲ್ಲ. ಊಟದಲ್ಲೂ ಹುಡುಗಿಯರೇ ಹೆಚ್ಚು ಕಡಿತ ಮಾಡಿಕೊಳ್ಳುವುದನ್ನು ಕಂಡಿದ್ದೇನೆ. ಉಳಿಸಿದ ರೊಕ್ಕದಲ್ಲಿ ತಮ್ಮನ ಫೀಜು ಕಟ್ಟಿದವರು ಅವರು. ಅವರ ತಟ್ಟೆಯಲ್ಲಿ ಸೊಪ್ಪು, ಕಾಳು, ಬೆಲ್ಲ ಇರಲೇಬೇಕು, ರಕ್ತಹೀನತೆ ಅವರನ್ನೇ ಮೊದಲು ಹುಡುಕಿಕೊಂಡು ಬರುತ್ತದೆ.

ಬುತ್ತಿ ಬಾರದ ದಿನಗಳೂ ಇವೆ. ಆಗ ಇಂದಿರಾ ಕ್ಯಾಂಟೀನಿನ 5 ರೂಪಾಯಿಯ ತಿಂಡಿ, 10 ರೂಪಾಯಿಯ ಊಟ ಇದೆ. ಶರಣಬಸವೇಶ್ವರರ ಗುಡಿಯಲ್ಲಿ ದಾಸೋಹವಿದೆ. ಕೈ ಚಾಚಿದಂತಾಗುತ್ತದೆ ಎಂದು ಹಿಂಜರಿಯುವ ಹುಡುಗರಿಗೆ ನಾನು ಹೇಳುವುದು ಇಷ್ಟೆ: ದಾಸೋಹದ ಪಂಕ್ತಿಯಲ್ಲಿ ಕೂತವನು ಯಾರಿಗೂ ಋಣಿಯಲ್ಲ. ಹಸಿದವರಿಗೆ ಬಡಿಸುವುದನ್ನು ಈ ಊರು ಧರ್ಮವೆಂದು ನಡೆಸಿಕೊಂಡು ಬಂದಿದೆ. ಮುಂದೊಂದು ದಿನ ಅಲ್ಲಿ ಬಡಿಸಲು ನಿಲ್ಲುವವರೂ ಇವರೇ. ಹೊಟ್ಟೆ ಖಾಲಿ ಇಟ್ಟುಕೊಂಡು ಓದಿದ ಪಾಠ ತಲೆಯಲ್ಲಿ ನಿಲ್ಲುವುದಿಲ್ಲ, ಬೇಸಿಗೆಯಲ್ಲಂತೂ ಖಾಲಿ ಹೊಟ್ಟೆಯ ಚಾ ಮನುಷ್ಯನನ್ನು ಸುಟ್ಟೇ ಬಿಡುತ್ತದೆ.

ವಿದ್ಯಾಸಿರಿಯ ಹಣ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ರಜೆಯಲ್ಲಿ ಬಹಳಷ್ಟು ಹಾಸ್ಟೆಲುಗಳ ಒಲೆಯೂ ಆರಿರುತ್ತದೆ. ರಜೆ ಎಂದರೆ ಮನೆಗೆ ಹೋಗುತ್ತಾರೆ ಎಂಬುದು ಅದರ ಹಿಂದಿನ ಎಣಿಕೆ. ಆದರೆ ನೇಮಕಾತಿ ಪರೀಕ್ಷೆಗಳು ರಜೆ ನೋಡಿ ಬರುವುದಿಲ್ಲ, ಊರಿನ ಒಂದೇ ಕೋಣೆಯ ಮನೆಯಲ್ಲಿ ಓದಲು ಜಾಗವೂ ಇರುವುದಿಲ್ಲ. ಉಳಿದ ಎರಡು ತಿಂಗಳ ನೆರವನ್ನೂ ಸೇರಿಸಬೇಕು. ಸರ್ಕಾರಿ ಕಚೇರಿಗಳಿಗೆ ಬೇಸಿಗೆಯ ಗಡಿಯಾರ ಇರುವಂತೆ ಗ್ರಂಥಾಲಯದ ಓದುವ ಕೋಣೆಗಳಿಗೂ ಇರಬೇಕು. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆದು, ಒಳಗೆ ಕುಡಿಯುವ ನೀರಿನ ಎರಡು ದೊಡ್ಡ ಗಡಿಗೆ ಇಟ್ಟರೆ, ಮೈದಾನದಿಂದ ನೇರ ಅಲ್ಲಿಗೆ ಹೋದ ಹುಡುಗಿ ಹನ್ನೊಂದೂವರೆಯೊಳಗೆ ಐದು ತಾಸಿನ ಓದು ಮುಗಿಸಿ, ಬುತ್ತಿ ಬಿಚ್ಚಬಹುದು.