ಕರ್ವಾಲೊ, ಅಣಶಿ ಮತ್ತು ಅಪ್ಪ

ತೇಜಸ್ವಿಯವರ 'ಕರ್ವಾಲೊ' (1980) ವಿಷಯ ಬಂದರೆ ನನಗೂ ತಂಗಿಗೂ ಜಗಳ ಗ್ಯಾರಂಟಿ. ಮಂದಣ್ಣ, ಕಿವಿ, ಬಿರಿಯಾನಿ ಕರಿಯಪ್ಪ... ನಗಿಸುತ್ತಲೇ ವಿಜ್ಞಾನ ಹೇಳುವ ಆ ಕಥೆ ಪುಸ್ತಕದಲ್ಲೇ ಚೆಂದ ಅಂತ ನಾನು. ನಾಟಕವೇ ಮೇಲು ಅಂತ ಅವಳು.

"ಕೊನೆಗೆ ಓತಿ ಕಣಿವೆಗೆ ತೇಲಿ ಹೋಗತ್ತಲ್ಲ, ನಾವು ನೋಡಿದ ನಾಟಕದಲ್ಲಿ ಅದೇ ಕಾಣಲಿಲ್ವಲ್ಲೇ!"

"ನೋಡೋರ ಮುಖ ಕಂಡ್ತಲ್ಲಕ್ಕ, ಸಾಕು."

ಅಸಲಿಗೆ ನಮ್ಮಿಬ್ಬರಿಗೂ ಮೊದಲ 'ಕರ್ವಾಲೊ' ಅಪ್ಪನದು. ಒಬ್ಬೊಬ್ಬರಿಗೆ ಒಂದೊಂದು ದನಿ ಮಾಡಿ ರಾತ್ರಿ ಓದಿ ಹೇಳುತ್ತಿದ್ದರು. ಈಗ ಅವರ ಕಣ್ಣು ಮಂಜು, ದೂರದ್ದು ಕಾಣದು.

ಕಳೆದ ವರ್ಷ ಅವರನ್ನು ಜೋಯಿಡಾ ತಾಲೂಕಿನ ಅಣಶಿಗೆ ಕರೆದುಕೊಂಡು ಹೋಗಿದ್ದೆವು. ಹಾರುವ ಓತಿ ನಿಜಕ್ಕೂ ಇರುವ ಕಾಡು ಅದು. ಒಂದು ಅಡಿಕೆ ತೋಟದ ಅಂಚಲ್ಲಿ ಸಿಕ್ಕೇಬಿಟ್ಟಿತು! ಗಂಟಲಿನ ಹಳದಿ ಚರ್ಮ ಆಡಿಸಿತು, ಪಕ್ಕದ ರೆಕ್ಕೆ ಬಿಚ್ಚಿತು, ಎದುರಿನ ಮರಕ್ಕೆ ತೇಲಿತು. ಎರಡೇ ಸೆಕೆಂಡು. ನಾವಿಬ್ಬರೂ ಬಾಯಿ ತೆರೆದು ನಿಂತಿದ್ದೆವು.

"ಕಂಡ್ತಾ ಅಪ್ಪಾ?" ಅಂತ ಕೇಳಿ ನಾಲಿಗೆ ಕಚ್ಚಿಕೊಂಡೆ.

ಅಪ್ಪ ನಮ್ಮಿಬ್ಬರ ಮುಖವನ್ನೇ ಹತ್ತಿರದಿಂದ ನೋಡುತ್ತಾ ನಗುತ್ತಿದ್ದರು. "ಕಂಡ್ತು ಬಿಡೇ, ಚೆನ್ನಾಗೇ ಹಾರ್ತು."

ತಂಗಿ ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ. ವಾದದಲ್ಲಿ ನಾನು ಸೋತೆ ಮಾರಾಯ್ರೆ!