ಎಣ್ಣೆ ಕುಡಿಯುವ ವ್ಯಾನು

ನಮ್ಮ ದಬ್ಬೇಘಟ್ಟದ ಕಡೆ ತೋಟದ ಮನೆಗಳ ಅಂಗಳದಲ್ಲಿ ಇನ್ನೂ ಮಾರುತಿ ಓಮ್ನಿಗಳು ನಿಂತಿವೆ. 1984ರಲ್ಲಿ ಬಂದ ಈ ವ್ಯಾನಿನ ತಯಾರಿಕೆ 2019ಕ್ಕೆ ನಿಂತುಹೋಯಿತು. ನಮ್ಮಲ್ಲಿ ಅದರ ದುಡಿಮೆ ನಿಂತಿಲ್ಲ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಚೀಲ, ಮದುವೆಗೆ ನೆಂಟರು, ಹೊತ್ತಲ್ಲದ ಹೊತ್ತಿನಲ್ಲಿ ತುರುವೇಕೆರೆಯ ಆಸ್ಪತ್ರೆಗೆ ಬಸುರಿಯರು, ಎಲ್ಲರನ್ನೂ ಆ 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್ನೇ ಹೊತ್ತಿದೆ. ನಮ್ಮ ಮನೆಯದಕ್ಕೂ ವಯಸ್ಸಾಗಿದೆ. ಆಯಿಲ್ ಕುಡಿಯುತ್ತದೆ.

ಹಾಗೆಂದ ಕೂಡಲೇ ಅರಳೀಕಟ್ಟೆಯ ತೀರ್ಪು ಸಿದ್ಧ: “ಬೋರ್ ಮಾಡ್ಸಣ್ಣ, ಇಲ್ಲ ಗುಜರಿಗೆ ಹಾಕು.” ನನಗೆ ಈ ಆತುರ ಒಪ್ಪಿಗೆಯಿಲ್ಲ. ನಾವು ಉಂಡೆ ಕೊಬ್ಬರಿಯ ಸೀಮೆಯವರು. ವರ್ಷದ ಹತ್ತಿರ ಅಟ್ಟದ ಮೇಲಿಟ್ಟ ಕಾಯಿಯಲ್ಲಿ ನೀರು ಇಂಗಿತೇ ಎಂದು ಒಡೆದು ನೋಡುವವರಲ್ಲ; ಕೈಯಲ್ಲಿ ಅಲ್ಲಾಡಿಸಿ, ಚಿಪ್ಪು ಬಿಟ್ಟ ಕೊಬ್ಬರಿ ಒಳಗೆ ಗಡಗಡ ಅನ್ನುವುದನ್ನು ಕೇಳುತ್ತೇವೆ. ಇಂಜಿನ್ ಬಿಚ್ಚುವ ಮೊದಲೂ ಹಾಗೇ ಕೇಳಬೇಕು.

ರಾತ್ರಿ ಗಾಡಿಯಡಿ ಒಂದು ರಟ್ಟು ಹಾಸಿ. ಬೆಳಿಗ್ಗೆ ಕಲೆ ಬಿದ್ದಿದ್ದರೆ ಟ್ಯಾಪೆಟ್ ಕವರಿನ ಪ್ಯಾಕಿಂಗೋ ಯಾವುದೋ ಆಯಿಲ್ ಸೀಲೋ ಸೋರುತ್ತಿದೆ. ಸೋರದೆ ಕಡಿಮೆಯಾಗುತ್ತಿದ್ದರೆ ಒಳಗೇ ಉರಿಯುತ್ತಿದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಬೆಳಗಿನ ಸ್ಟಾರ್ಟಿಗೆ ಒಮ್ಮೆ ಬುಸ್ಸೆಂದು ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲಿನ ರಬ್ಬರ್ ಗಟ್ಟಿಯಾಗಿದೆ ಅನ್ನಬಹುದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಹೊಗೆ ಬಂದರೆ ಪಿಸ್ಟನ್ ರಿಂಗಿನ ಮೇಲೆ ಅನುಮಾನ. ಆಗ ಕಂಪ್ರೆಷನ್ ಗೇಜ್ ಹಾಕಿಸಿ. ಪ್ಲಗ್ಗಿನ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಒತ್ತಡ ಏರಿದರೆ, ಆ ಆಯಿಲ್ ರಿಂಗಿನ ಸಂದನ್ನು ತುಂಬಿದೆ ಎಂದರ್ಥ, ಸವೆದದ್ದು ಅಲ್ಲೇ. ಬ್ರೀದರ್ ಪೈಪು ಕಟ್ಟಿಕೊಂಡರೂ ಆಯಿಲ್ ಮೇಲಕ್ಕೆ ನುಗ್ಗುತ್ತದೆ. ಅದನ್ನು ತೊಳೆಯಲು ಖರ್ಚೇ ಇಲ್ಲ.

ಸವೆತಕ್ಕೆ ನಮ್ಮ ಓಡಾಟದ್ದೂ ಪಾಲಿದೆ. ತೋಟದ ಮಣ್ಣುದಾರಿಯ ಧೂಳು ಹರಿದ ಏರ್ ಫಿಲ್ಟರಿನಲ್ಲಿ ನುಸುಳಿ ಬೋರನ್ನು ಉಜ್ಜುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಡೈರಿಗೆ ಹೋಗುವಷ್ಟರಲ್ಲಿ ಇಂಜಿನ್ ಸರಿಯಾಗಿ ಕಾಯುವುದೂ ಇಲ್ಲ. ಇಂಥ ಓಟದಲ್ಲಿ ಆಯಿಲ್ ಬೇಗ ಕೆಟ್ಟು, ಜಿಡ್ಡುಗಟ್ಟಿ, ಆಯಿಲ್ ರಿಂಗಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಕಿಲೋಮೀಟರ್ ಆಗದಿದ್ದರೂ ತಿಂಗಳು ಲೆಕ್ಕ ಹಾಕಿ ಆಯಿಲ್ ಬದಲಿಸಬೇಕಾದ್ದು ಇದಕ್ಕೇ.

ನಮ್ಮ ವ್ಯಾನಿನ ತೊಂದರೆ ವಾಲ್ವ್ ಸೀಲಿನಲ್ಲಿತ್ತು. ಬದಲಿಸಿದ ಮೇಲೆ ಕುಡಿತ ತಗ್ಗಿದೆ, ಪೂರ್ತಿ ಬಿಟ್ಟಿಲ್ಲ. ಬೇಕಾದಷ್ಟು ತುಂಬಿಸುತ್ತೇವೆ. ಕೆಲವು ದುಬಾರಿ ಕಾರುಗಳ ಕೈಪಿಡಿಗಳೇ ಸಾವಿರ ಕಿಲೋಮೀಟರಿಗೆ ಅರ್ಧ, ಒಂದು ಲೀಟರಿನವರೆಗೆ ಕುಡಿದರೂ ಸಹಜ ಅನ್ನುತ್ತವೆ. ದುಡಿದು ಹಣ್ಣಾದ ಗಾಡಿಗೆ ಅಷ್ಟು ಕೊಡಲು ನನಗೆ ಬೇಸರವಿಲ್ಲ. ಆದರೆ ಹಿಂದೆ ನಡೆದು ಬರುವ ಶಾಲೆಯ ಮಕ್ಕಳು ಮೂಗು ಮುಚ್ಚುವಷ್ಟು ಹೊಗೆ ಬಂದರೆ ಮಾತ್ರ ಮುಂದೂಡಬಾರದು. ಆಗ ಲೇತಿನಲ್ಲಿ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಲೇಬೇಕು.

ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಿ ಕೂರಬೇಡಿ. ಅದು ಹತ್ತುವುದು ಆಯಿಲಿನ ಒತ್ತಡ ಬಿದ್ದ ಮೇಲೆ. ಅಷ್ಟರಲ್ಲಿ ಬೇರಿಂಗ್ ಉಜ್ಜಿಹೋಗಿರಬಹುದು. ಎಣ್ಣೆ ಕುಡಿಯುವ ಇಂಜಿನ್ ವರ್ಷಗಟ್ಟಲೆ ಓಡುತ್ತದೆ, ಎಣ್ಣೆ ಆರಿದ ಇಂಜಿನ್ ಒಂದೇ ಓಟಕ್ಕೆ ಜಾಮ್ ಆಗುತ್ತದೆ. ನಿಮ್ಮಲ್ಲೂ ಹಳೆಯ ಗಾಡಿಯಿದ್ದರೆ ವಾರಕ್ಕೊಮ್ಮೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ತಣಿದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡಿ.